ಅಳಿಸಿದ ಮುಖ: ಲೇಡಿ ಈಡನ್ ಭಾವಚಿತ್ರದ ಮೊಕದ್ದಮೆ



ಒಂದು ಭಾವಚಿತ್ರದ ಮೇಲೆ ಹಕ್ಕು ಯಾರದು? ಹಣ ಕೊಟ್ಟವರದೇ, ಬರೆದವರದೇ, ಚಿತ್ರಕ್ಕೆ ಕುಳಿತವರದೇ? ಇಂದು ನಿಮ್ಮ ಮುಂದಿಡಲು ಬಂದಿರುವ ಪ್ರಶ್ನೆ ಇದು. ತತ್ತ್ವದ ಮಾತಿನಲ್ಲೇ ಇದನ್ನು ಚರ್ಚಿಸಿದರೆ ಎಲ್ಲಿಗೂ ಮುಟ್ಟುವುದಿಲ್ಲ. ಆದ್ದರಿಂದ ಒಂದೇ ಒಂದು ಚಿತ್ರವನ್ನು ಹಿಡಿದು ಹೊರಡುತ್ತೇನೆ. ಸ್ಕಾಟ್ಲೆಂಡಿನ ಗ್ಲಾಸ್ಗೋ ವಿಶ್ವವಿದ್ಯಾನಿಲಯಕ್ಕೆ ಸೇರಿದ ಹಂಟೇರಿಯನ್ ಸಂಗ್ರಹಾಲಯದಲ್ಲಿ ಒಂದು ಚಿಕ್ಕ ತೈಲಚಿತ್ರವಿದೆ. ಬರೆದವನು ಜೇಮ್ಸ್ ಮ್ಯಾಕ್‌ನೀಲ್ ವಿಸ್ಲರ್. ಅದರ ಹೆಸರು ‘ಕಂದು ಮತ್ತು ಹೊನ್ನು: ಲೇಡಿ ಈಡನ್ ಭಾವಚಿತ್ರ’. ಹೆಸರು ಹಾಗಿದ್ದರೂ ಅದರಲ್ಲಿರುವುದು ಲೇಡಿ ಈಡನ್ ಮುಖವಲ್ಲ. ಆ ಮುಖವನ್ನು ಬರೆದವನೇ ಅಳಿಸಿದ. ಅಳಿಸಿದ್ದು ಸರಿಯೇ ತಪ್ಪೇ ಎಂದು ಪ್ಯಾರಿಸ್ಸಿನ ನ್ಯಾಯಾಲಯಗಳು 1895ರಿಂದ 1900ರವರೆಗೆ ವಾದ ಕೇಳಿದವು. ಕಲಾವಿದನ ಹಕ್ಕಿನ ಚರಿತ್ರೆ ಬರೆಯುವವರು ಇಂದಿಗೂ ಆ ತೀರ್ಪನ್ನು ಬಿಟ್ಟು ಮುಂದೆ ಹೋಗುವುದಿಲ್ಲ.

ಮೊದಲು ಜನರ ಪರಿಚಯ. ಈಡನ್ ಎಂಬ ಹೆಸರು ನಮ್ಮ ಕಿವಿಗೆ ಹೊಸದಲ್ಲ. ಕೋಲ್ಕತ್ತಾದ ಈಡನ್ ಗಾರ್ಡನ್ಸ್ ಮೈದಾನಕ್ಕೆ ಹೆಸರು ಬಂದದ್ದು ಇದೇ ವಂಶದ ಒಂದು ಕವಲಿನಿಂದ. 1836ರಿಂದ 1842ರವರೆಗೆ ಗವರ್ನರ್ ಜನರಲ್ ಆಗಿದ್ದ ಲಾರ್ಡ್ ಆಕ್‌ಲೆಂಡ್ ಆ ಕವಲಿನವನು. ಅವನ ತಂಗಿ ಎಮಿಲಿ ಈಡನ್ ನಮ್ಮ ರಾಜರು, ಸರದಾರರು, ಆಳುಕಾಳುಗಳ ಚಿತ್ರ ಬರೆದು 1844ರಲ್ಲಿ ಪುಸ್ತಕ ಮಾಡಿಸಿದವಳು. ನಮ್ಮ ಕಥೆಯ ಸರ್ ವಿಲಿಯಂ ಈಡನ್ ಇಂಗ್ಲೆಂಡಿನ ಡರಮ್ ಸೀಮೆಯ ವಿಂಡಲ್‌ಸ್ಟನ್ ಬಂಗಲೆಯ ಯಜಮಾನ, ಬ್ಯಾರೊನೆಟ್ ಪದವಿಯವನು. ಸ್ವತಃ ಜಲವರ್ಣದಲ್ಲಿ ಬರೆಯುತ್ತಿದ್ದ, ಒಳ್ಳೆಯ ಚಿತ್ರಗಳನ್ನು ಕೊಳ್ಳುತ್ತಿದ್ದ. ಅವನ ಮುಂಗೋಪ ಎಷ್ಟು ಹೆಸರಾಗಿತ್ತೆಂದರೆ ಮಗ ತಿಮೊಥಿ ಮುಂದೆ ತಂದೆಯ ಬಗ್ಗೆ ಬರೆದ ಪುಸ್ತಕಕ್ಕೆ ‘ಒಬ್ಬ ಬ್ಯಾರೊನೆಟ್ಟನ ಸಂಕಟಗಳು’ ಎಂಬರ್ಥದ ಹೆಸರಿಟ್ಟ. ಹೆಂಡತಿ ಸಿಬಿಲ್, ಅಂದರೆ ಲೇಡಿ ಈಡನ್, 1867ರಲ್ಲಿ ಹುಟ್ಟಿದವಳು. ತಂದೆ ಸರ್ ವಿಲಿಯಂ ಗ್ರೇ 1867ರಿಂದ 1871ರವರೆಗೆ ಬಂಗಾಳದ ಲೆಫ್ಟಿನೆಂಟ್ ಗವರ್ನರ್ ಆಗಿದ್ದವನು. ಆಕೆಯ ಚೆಲುವು ಆ ಕಾಲದ ಇಂಗ್ಲೆಂಡಿನ ದೊಡ್ಡ ಮನೆಗಳಲ್ಲಿ ಮಾತಾಗಿತ್ತು. 1897ರಲ್ಲಿ ಆಕೆಗೆ ಹುಟ್ಟಿದ ಮಗನೇ ಆಂಟನಿ ಈಡನ್, 1955ರಿಂದ 1957ರವರೆಗೆ ಬ್ರಿಟನ್ನಿನ ಪ್ರಧಾನಿ.

ಇನ್ನು ವಿಸ್ಲರ್. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ 1834ರಲ್ಲಿ ಹುಟ್ಟಿ, ಪ್ಯಾರಿಸ್ ಮತ್ತು ಲಂಡನ್‌ಗಳಲ್ಲಿ ಬದುಕಿದವನು. ತನ್ನ ಚಿತ್ರಗಳಿಗೆ ಸಂಗೀತದಿಂದ ಹೆಸರು ತೆಗೆದುಕೊಳ್ಳುತ್ತಿದ್ದ. ತಾಯಿಯ ಭಾವಚಿತ್ರವನ್ನೂ ಬೂದು ಮತ್ತು ಕಪ್ಪಿನ ‘ಅರೇಂಜ್‌ಮೆಂಟ್’ ಎಂದೇ ಕರೆದ. ಕುಳಿತವರು ಯಾರು ಎಂಬುದು ನೋಡುಗನಿಗೆ ಏಕೆ ಬೇಕು, ಬಣ್ಣಗಳ ಮೇಳವನ್ನು ನೋಡಿದರೆ ಸಾಲದೇ ಎಂಬುದು ಅವನ ನಿಲುವು. ಇದು ನೆನಪಿನಲ್ಲಿರಲಿ. 1878ರಲ್ಲಿ ವಿಮರ್ಶಕ ರಸ್ಕಿನ್ ಮೇಲಿನ ಮಾನನಷ್ಟದ ದಾವೆಯನ್ನು ಗೆದ್ದ. ಗೆಲುವಿಗೆ ಸಿಕ್ಕ ಪರಿಹಾರ ಒಂದು ಫಾರ್ದಿಂಗ್, ಅಂದರೆ ಕಾಲು ಪೆನ್ನಿ. ಮರುವರ್ಷ ದಿವಾಳಿಯಾದ. 1891ರಲ್ಲಿ ಫ್ರೆಂಚ್ ಸರ್ಕಾರ ಅದೇ ತಾಯಿಯ ಚಿತ್ರವನ್ನು ಕೊಂಡಮೇಲೆ ಅವನ ದೆಸೆ ತಿರುಗಿತು. ಪ್ಯಾರಿಸ್ಸಿಗೆ ಬಂದು ನೆಲೆಸಿದ. ಐಶ್ವರ್ಯವಂತರು ಅವನ ಕೈಯಲ್ಲಿ ಬರೆಸಿಕೊಳ್ಳಲು ಸ್ಟುಡಿಯೋ ಬಾಗಿಲಿಗೆ ಬಂದರು.

ಬಂದವರು ಬರಿಗೈಯಲ್ಲಿ ಮರಳಿದ್ದೂ ಉಂಟು. ವಿಸ್ಲರನ ಕೆಲಸದ ಕ್ರಮವನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕು, ವಿದ್ಯಾರ್ಥಿಗಳು ಗಮನಿಸಿ. ಕುಳಿತುಕೊಳ್ಳುವವರು ಬರುವ ಮುಂಚೆಯೇ ಬೇಕಾದ ಬಣ್ಣಗಳನ್ನೆಲ್ಲ ಮೇಜಿನಂಥ ದೊಡ್ಡ ಪ್ಯಾಲೆಟ್ಟಿನ ಮೇಲೆ ಕಲಸಿ ಅಣಿಮಾಡಿಕೊಳ್ಳುತ್ತಿದ್ದ. ಬಣ್ಣಕ್ಕೆ ಟರ್ಪೆಂಟೈನ್ ಧಾರಾಳವಾಗಿ ಬೆರೆಸಿ ತಿಳಿಸಾರಿನ ಹಾಗೆ ತೆಳ್ಳಗೆ ಮಾಡಿಕೊಳ್ಳುತ್ತಿದ್ದ. ಚಿತ್ರದ ಮೈಯೆಲ್ಲ ಒಂದೇ ಸಲಕ್ಕೆ, ಹಸಿಯ ಮೇಲೆ ಹಸಿಯಾಗಿ ಮೂಡಬೇಕು. ಮುಖ ಒಂದು ದಿನ, ಕೈ ಒಂದು ದಿನ, ಹಿನ್ನೆಲೆ ಇನ್ನೊಂದು ದಿನ ಎಂಬ ಭಾಗ ಮಾಡಿಕೊಳ್ಳುವ ಪದ್ಧತಿ ಅವನದಲ್ಲ. ಸಂಜೆ ನೋಡಿದಾಗ ಒಪ್ಪಿಗೆಯಾಗದಿದ್ದರೆ ಬಟ್ಟೆಯಿಂದ ಒರೆಸಿ, ಕೆರೆದು, ಮಾರನೆಯ ದಿನ ಮೊದಲಿನಿಂದ ಆರಂಭ. ಸಿಸಿಲಿ ಅಲೆಕ್ಸಾಂಡರ್ ಎಂಬ ಎಳೆಯ ಹುಡುಗಿ ಹೀಗೆ ಎಪ್ಪತ್ತರಷ್ಟು ಸಲ ನಿಂತಳೆಂದು ಹೇಳುವುದುಂಟು. ಒಂದು ದಿನದ್ದೆಂದು ಕಾಣುವ ಚಿತ್ರದ ಹಿಂದೆ ಒರೆಸಿಹೋದ ಎಷ್ಟೋ ದಿನಗಳು ಇರುತ್ತಿದ್ದವು. ಅಳಿಸುವುದು ಅವನಿಗೆ ಬರೆಯುವಷ್ಟೇ ಸಹಜವಾದ ಕೆಲಸ.

ಈ ಕ್ರಮಕ್ಕೆ ಸಿಕ್ಕವರಲ್ಲಿ ಹೆಂಗಸರೇ ಹೆಚ್ಚು ಬಳಲಿದರು ಎಂದು ನನಗೆ ಅನ್ನಿಸುತ್ತದೆ. ಲೇಡಿ ಮ್ಯೂ ಎಂಬಾಕೆಯ ಮೂರು ಭಾವಚಿತ್ರಗಳನ್ನು ಬರೆಯಲು ಹೊರಟ. ಎರಡು ಉಳಿದಿವೆ, ಒಂದು ಹೊನೊಲುಲುವಿನಲ್ಲಿ, ಇನ್ನೊಂದು ನ್ಯೂಯಾರ್ಕಿನ ಫ್ರಿಕ್ ಸಂಗ್ರಹದಲ್ಲಿ. ಮೂರನೆಯದರ ಹೊತ್ತಿಗೆ ಇಬ್ಬರಿಗೂ ಮಾತಿಗೆ ಮಾತು ಬೆಳೆಯಿತು, ಆ ಚಿತ್ರವನ್ನು ವಿಸ್ಲರ್ ನಾಶ ಮಾಡಿದ. ಲೇಡಿ ಆರ್ಚಿಬಾಲ್ಡ್ ಕ್ಯಾಂಪ್‌ಬೆಲ್, ಹಳದಿ ಬೂಟಿನ ಕಾಲನ್ನು ಹಿಂದಿಟ್ಟು ಹೊರಳಿ ನೋಡುವ ಭಂಗಿಯಲ್ಲಿರುವಾಕೆ, ಆಕೆಯ ಚಿತ್ರವನ್ನು ಮನೆಯವರೇ ಒಲ್ಲೆವೆಂದರು. ಅವರು ಬೇಡವೆಂದ ಚಿತ್ರ ಈಗ ಫಿಲಡೆಲ್ಫಿಯಾ ಸಂಗ್ರಹಾಲಯದ ಹೆಮ್ಮೆ. ನನ್ನನ್ನು ಕೇಳಿದರೆ ವಿಸ್ಲರನ ನಿಲುವುಚಿತ್ರಗಳಲ್ಲಿ ಅದಕ್ಕಿಂತ ಮೇಲಾದದ್ದು ಇಲ್ಲ.

ಲೇಡಿ ಈಡನ್ ಚಿತ್ರದ ಮಾತುಕತೆ ನಡೆಸಿಕೊಟ್ಟವನು ಐರಿಶ್ ಕಾದಂಬರಿಕಾರ ಜಾರ್ಜ್ ಮೂರ್. ದೊಡ್ಡ ತೈಲಚಿತ್ರವಾದರೆ ಬೆಲೆ 500 ಗಿನಿ. ಸರ್ ವಿಲಿಯಂಗೆ ಅದು ಹೆಚ್ಚೆನಿಸಿತು. ಚಿಕ್ಕದೊಂದು ಚಿತ್ರವಾದರೆ 100ರಿಂದ 150 ಎಂದು ಮಾತಾಯಿತು. 100 ಎಂದು ಒಬ್ಬ, 150 ಎಂದು ಇನ್ನೊಬ್ಬ ತಿಳಿದುಕೊಂಡ ಹಾಗೆ ಆ ಮಾತು ತೆರೆದೇ ಉಳಿಯಿತು. 1894ರ ಆರಂಭದಲ್ಲಿ ಪ್ಯಾರಿಸ್ಸಿನ ನೋತ್ರ್ ದಾಮ್ ದೆ ಶಾಂ ಬೀದಿಯ ಸ್ಟುಡಿಯೋಗೆ ಸಿಬಿಲ್ ಬಂದು ಕುಳಿತಳು. ಕಂದು ಉಡುಪು, ಸೋಫಾದ ಮೇಲೆ ಕುಳಿತ ಪೂರ್ಣಾಕೃತಿ, ಸುತ್ತ ಹೊನ್ನುಗಂದು ನೆರಳು. ಚಿತ್ರ ಚಿಕ್ಕದೇ, ಆದರೆ ವಿಸ್ಲರ್ ಅದಕ್ಕೆ ಮನಸ್ಸು ಕೊಟ್ಟು ದುಡಿದ. ತೈಲದಲ್ಲೇ ಬರೆದ.

ಫೆಬ್ರುವರಿ 14, ವ್ಯಾಲೆಂಟೈನ್ ದಿನ. ಸರ್ ವಿಲಿಯಂ ಸ್ಟುಡಿಯೋಗೆ ಬಂದ. ಶಿಕಾರಿಗೆಂದು ಭಾರತಕ್ಕೆ ಹೊರಟಿದ್ದ. ಕಿಸೆಯಿಂದ ಒಂದು ಮುಚ್ಚಿದ ಲಕೋಟೆ ತೆಗೆದು, ಇದು ನಿನಗೆ ವ್ಯಾಲೆಂಟೈನ್, ಮನೆಗೆ ಹೋದಮೇಲೆ ನೋಡು ಎನ್ನುವಂತೆ ಹೇಳಿ ಕೊಟ್ಟುಹೋದ. ಲಕೋಟೆಯಲ್ಲಿ 100 ಗಿನಿಗಳ ಚೆಕ್ ಇತ್ತು.

ಗಿನಿ ಎಂದರೆ 21 ಶಿಲಿಂಗ್, ಪೌಂಡ್ ಎಂದರೆ 20. ಕೂಲಿಯವರಿಗೆ, ಅಂಗಡಿಯವರಿಗೆ ಪೌಂಡಿನ ಲೆಕ್ಕ. ವೈದ್ಯರು, ವಕೀಲರು, ಕಲಾವಿದರಿಗೆ ಗಿನಿಯ ಲೆಕ್ಕ. ಆ ಒಂದು ಶಿಲಿಂಗಿನಲ್ಲಿ ಮನುಷ್ಯನ ಅಂತಸ್ತು ಅಡಗಿತ್ತು. ಹದಿನೇಳು ವರ್ಷ ಹಿಂದೆ ಲೇಲೆಂಡ್ ಎಂಬ ಹಡಗು ವ್ಯಾಪಾರಿ ತನ್ನ ಮನೆಯಲ್ಲಿ ವಿಸ್ಲರ್ ಚಿತ್ರಿಸಿದ ‘ನವಿಲುಕೋಣೆ’ಯ ಕೆಲಸಕ್ಕೆ ಗಿನಿಯ ಬದಲು ಪೌಂಡಿನಲ್ಲಿ ಹಣ ಕೊಟ್ಟದ್ದನ್ನು ವಿಸ್ಲರ್ ಕೊನೆಯವರೆಗೂ ಮರೆತಿರಲಿಲ್ಲ. ಈಗ ಬಂದದ್ದು ಗಿನಿಯೇ, ಆದರೆ ಕೆಳಗಿನ ಅಂಕಿ. ಅದೂ ಉಡುಗೊರೆಯ ವೇಷದಲ್ಲಿ, ಮಾತಿಗೆ ಎಡೆಯಿಲ್ಲದ ಹಾಗೆ. ವಿಸ್ಲರ್ ಕುಟುಕುವ ಕಾಗದವೊಂದನ್ನು ಬರೆದ, ಚೆಕ್ಕನ್ನು ಬ್ಯಾಂಕಿಗೆ ಕಟ್ಟಿದ, ಚಿತ್ರವನ್ನು ಆ ವರ್ಷದ ಶಾಂ ದ ಮಾರ್ಸ್ ಸಲಾನ್ ಪ್ರದರ್ಶನದಲ್ಲಿ ‘ಕಂದು ಮತ್ತು ಹೊನ್ನು, ಲೇಡಿ ಈ.’ ಎಂಬ ಹೆಸರಿನಲ್ಲಿ ತೂಗುಹಾಕಿದ. ಪ್ರದರ್ಶನ ಮುಗಿದಮೇಲೆ ಚಿತ್ರ ಕೊಡು ಎಂದರೆ ಕೊಡಲಿಲ್ಲ.

ಹಣ ಇಟ್ಟುಕೊಂಡು ಚಿತ್ರವನ್ನೂ ಇಟ್ಟುಕೊಳ್ಳುವುದು ಯಾವ ನ್ಯಾಯ? ವಿಸ್ಲರನ ಅಭಿಮಾನಿಯಾಗಿಯೂ ನಾನು ಈ ನಡತೆಯನ್ನು ಸಮರ್ಥಿಸಲಾರೆ. ಬೆಲೆ ಒಪ್ಪಿಗೆಯಾಗದಿದ್ದರೆ ಚೆಕ್ಕನ್ನು ಮರುದಿನವೇ ಹಿಂತಿರುಗಿಸಬೇಕಿತ್ತು.

ಸರ್ ವಿಲಿಯಂ ಪ್ಯಾರಿಸ್ಸಿನ ಸಿವಿಲ್ ನ್ಯಾಯಾಲಯದಲ್ಲಿ ದಾವೆ ಹೂಡಿದ. 1895ರ ಮಾರ್ಚ್‌ನಲ್ಲಿ ವಿಚಾರಣೆಗೆ ಬರುವ ಹೊತ್ತಿಗೆ ಚಿತ್ರದಲ್ಲಿ ಲೇಡಿ ಈಡನ್ ತಲೆ ಇರಲಿಲ್ಲ. ಅದನ್ನು ಒರೆಸಿ ಅಲ್ಲಿ ಒಬ್ಬ ಅಮೆರಿಕನ್ ಮಹಿಳೆಯ ಮುಖವನ್ನು ವಿಸ್ಲರ್ ಬರೆಯತೊಡಗಿದ್ದ. ಅದೇ ಸೋಫಾ, ಅದೇ ಭಂಗಿ, ಅದೇ ಕಂದು, ಅದೇ ಹೊನ್ನು. ಮುಖ ಮಾತ್ರ ಬೇರೆ. ನ್ಯಾಯಾಲಯ ಚಿತ್ರವನ್ನು ಸರ್ ವಿಲಿಯಂಗೆ ಒಪ್ಪಿಸಬೇಕೆಂದೂ, 100 ಗಿನಿ ಮರಳಿಸಿ, 1,000 ಫ್ರಾಂಕ್ ನಷ್ಟ ಪರಿಹಾರ ಕೊಡಬೇಕೆಂದೂ ತೀರ್ಪಿತ್ತಿತು. ಜಗಳ ಕೋರ್ಟಿನ ಹೊರಗೂ ಹರಡಿತು. ಮೂರ್ ಪತ್ರಿಕೆಯಲ್ಲಿ ಬರೆದ ಮಾತಿಗೆ ಕೆರಳಿ, ಅರವತ್ತು ದಾಟಿದ ವಿಸ್ಲರ್ ಅವನನ್ನು ದ್ವಂದ್ವಯುದ್ಧಕ್ಕೆ ಕರೆದ. ಮೂರ್ ಓಗೊಡಲಿಲ್ಲ. ಆ ಭಾಗ ಪತ್ರಿಕೆಗಳಿಗೆ ಹಬ್ಬವಾಯಿತು, ನಮಗೆ ಅದರಿಂದ ಆಗಬೇಕಾದದ್ದೇನೂ ಇಲ್ಲ.

ವಿಸ್ಲರ್ ಮೇಲ್ಮನವಿ ಹೋದ. ಈ ನಡುವೆ 1896ರ ಮೇ ತಿಂಗಳಲ್ಲಿ ಅವನ ಹೆಂಡತಿ ಬಿಯಾಟ್ರಿಸ್ ಕ್ಯಾನ್ಸರಿನಿಂದ ತೀರಿಕೊಂಡಳು. ಆದರೂ ಮೊಕದ್ದಮೆ ಬಿಡಲಿಲ್ಲ. 1897ರ ಡಿಸೆಂಬರ್‌ನಲ್ಲಿ ಪ್ಯಾರಿಸ್ಸಿನ ಮೇಲ್ಮನವಿ ನ್ಯಾಯಾಲಯ ಕೊಟ್ಟ ತೀರ್ಪನ್ನು ಅಲ್ಲಿನ ಅತ್ಯುನ್ನತ ನ್ಯಾಯಾಲಯ 1900ರ ಮಾರ್ಚ್ 14ರಂದು ಎತ್ತಿಹಿಡಿಯಿತು. ತೀರ್ಪಿನ ತಿರುಳು ಹೀಗೆ: ಭಾವಚಿತ್ರ ಬರೆದುಕೊಡುವ ಒಪ್ಪಂದ ಬೇರೆ ಒಪ್ಪಂದಗಳಂತಲ್ಲ. ಚಿತ್ರವನ್ನು ಕಲಾವಿದ ತಾನಾಗಿ ಕೈಯೆತ್ತಿ ಕೊಟ್ಟು, ಬರೆಸಿದವನು ಅದನ್ನು ಒಪ್ಪಿಕೊಳ್ಳುವವರೆಗೆ ಅದರ ಮಾಲೀಕತ್ವ ಬದಲಾಗುವುದಿಲ್ಲ. ಕೊಟ್ಟ ಮಾತು ತಪ್ಪಿದರೆ ಹಣ ಮರಳಿಸಲಿ, ನಷ್ಟ ತುಂಬಿಕೊಡಲಿ. ಚಿತ್ರವನ್ನು ಮುಗಿಸಿ ಕೊಡು ಎಂದು ಅವನ ಮೇಲೆ ಬಲವಂತ ಮಾಡುವಂತಿಲ್ಲ. ಹೀಗೆ ಚಿತ್ರ ವಿಸ್ಲರನಲ್ಲೇ ಉಳಿಯಿತು, ಹಣ ಮತ್ತು ಪರಿಹಾರ ಸರ್ ವಿಲಿಯಂಗೆ ಹೋಯಿತು. ಜೊತೆಗೆ ಒಂದು ಷರತ್ತು: ಗುರುತು ಸಿಗದಂತೆ ಬದಲಾಯಿಸುವವರೆಗೆ ಆ ಚಿತ್ರವನ್ನು ವಿಸ್ಲರ್ ಯಾವ ರೀತಿಯಲ್ಲೂ ಬಳಸಕೂಡದು.

ವಿಸ್ಲರ್ ಇದನ್ನು ದೊಡ್ಡ ಗೆಲುವೆಂದು ಕೊಂಡಾಡಿ 1899ರಲ್ಲೇ ‘ಬ್ಯಾರೊನೆಟ್ ಮತ್ತು ಚಿಟ್ಟೆ’ ಎಂಬ ಪುಸ್ತಕ ಅಚ್ಚುಹಾಕಿಸಿದ. ಚಿಟ್ಟೆ ಅವನ ರುಜುವಿನ ಗುರುತು. ಗೆದ್ದದ್ದು ನಿಜವೇ. ತನ್ನ ಕೃತಿ ಹೊರಗೆ ಬರಬೇಕೋ ಬೇಡವೋ ಎಂಬುದನ್ನು ತೀರ್ಮಾನಿಸುವವನು ಕಲಾವಿದ ಎಂಬ ಹಕ್ಕು ಫ್ರಾನ್ಸಿನಲ್ಲಿ ಗಟ್ಟಿಯಾದದ್ದು ಇಂಥ ತೀರ್ಪುಗಳಿಂದ. ಕಲಾವಿದನನ್ನು ಕೂಲಿಯಾಳಿನಿಂದ ಬೇರೆ ಮಾಡಿ ಕಂಡ ಆ ತೀರ್ಪಿಗೆ ನಾನು ಕೈಮುಗಿಯುತ್ತೇನೆ.

ಆದರೆ ಆ ಐದು ವರ್ಷಗಳ ವಾದದಲ್ಲಿ ಒಬ್ಬರ ದನಿ ಮಾತ್ರ ಕೇಳುವುದಿಲ್ಲ. ಚಿತ್ರಕ್ಕೆ ಕುಳಿತವಳು ಸಿಬಿಲ್. ತಾಳ್ಮೆಯಿಂದ ಗಂಟೆಗಟ್ಟಲೆ ಕುಳಿತದ್ದು ಆಕೆಯ ದೇಹ. ಒರೆಸಿಹೋದದ್ದು ಆಕೆಯ ಮುಖ. ದಾವೆಯಲ್ಲಿ ಆಕೆ ವಾದಿಯಲ್ಲ, ಪ್ರತಿವಾದಿಯೂ ಅಲ್ಲ. ಬರೆಸಿದವನು ಗಂಡ, ಆದ್ದರಿಂದ ವಾದಿ ಗಂಡ. ಅಂದಿನ ಫ್ರೆಂಚ್ ಸಂಹಿತೆಯ ಪ್ರಕಾರ ಮದುವೆಯಾದ ಹೆಣ್ಣು ಗಂಡನ ಅನುಮತಿಯಿಲ್ಲದೆ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತುವಂತಿರಲಿಲ್ಲ. ತನ್ನ ಮುಖ ಅಳಿಸಿದ್ದು ಆಕೆಗೆ ನೋವು ತಂದಿತೋ, ಈ ಇಬ್ಬರ ಜಿದ್ದಿನಿಂದ ಪಾರಾದೆನೆಂದು ನೆಮ್ಮದಿಯಾಯಿತೋ, ತೀರ್ಪು ಬರೆದವರು ಅದನ್ನು ತಿಳಿಯುವ ಅಗತ್ಯ ಕಾಣಲಿಲ್ಲ. ಗುರುತು ಸಿಗದಂತೆ ಮಾಡು ಎಂಬ ಷರತ್ತು ಆಕೆಯ ಮುಖಕ್ಕೆ ಸಿಕ್ಕ ಏಕೈಕ ರಕ್ಷಣೆ. ಆ ರಕ್ಷಣೆಯ ರೂಪವೂ ಅಳಿಸುವುದೇ ಆಯಿತು.

ಇದನ್ನು ಹೇಳುವಾಗ ವಿಸ್ಲರನ ಕಲಾತತ್ತ್ವವನ್ನೂ ಒರೆಗೆ ಹಚ್ಚಬೇಕಾಗುತ್ತದೆ. ಕುಳಿತವರು ಯಾರಾದರೇನು, ಬಣ್ಣದ ಮೇಳ ಮುಖ್ಯ ಎಂಬ ಮಾತು ಸಂಜೆಯ ನದಿಯ ಚಿತ್ರದಲ್ಲಿ ನನಗೆ ಪೂರ್ತಿ ಒಪ್ಪಿಗೆ. ಭಾವಚಿತ್ರದಲ್ಲಿ ಒಪ್ಪಲು ಮನಸ್ಸು ಬರುವುದಿಲ್ಲ. ಅವನ ತಾಯಿಯ ಚಿತ್ರವನ್ನೇ ನೋಡಿ. ಬೂದು ಕಪ್ಪುಗಳ ಹೊಂದಾಣಿಕೆ ಎಷ್ಟು ಬಿಗಿಯಾಗಿದ್ದರೂ ಆ ತಲೆಯ ಬದಲು ಬೇರೆ ಮುದುಕಿಯ ತಲೆ ಇಟ್ಟರೆ ಅದು ಆ ಚಿತ್ರವಾಗಿ ಉಳಿಯುವುದಿಲ್ಲ. ಇದನ್ನು ವಿಸ್ಲರನ ಕುಂಚ ಬಲ್ಲದು, ಅವನ ವಾದ ಒಪ್ಪುವುದಿಲ್ಲ. ಲೇಡಿ ಈಡನ್ ಚಿತ್ರದಲ್ಲಿ ತಲೆ ಬದಲಿಸಿದ ಮೇಲೆ ಆ ಕಂದು ಹೊನ್ನು ಮತ್ತೆ ಜೀವ ತಳೆಯಲಿಲ್ಲ.

ಬರೆಸಿದವರು, ಬರೆದವರು, ಕುಳಿತವರು, ನಮ್ಮ ದೇಶದ ಕಾನೂನಿನಲ್ಲಿ ಈ ಮೂವರೂ ಎಲ್ಲಿ ನಿಲ್ಲುತ್ತಾರೆ? 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಹಣ ಕೊಟ್ಟು ಬರೆಸಿದ ಭಾವಚಿತ್ರದ ಕೃತಿಸ್ವಾಮ್ಯ, ಬೇರೆ ಕರಾರು ಇಲ್ಲದಿದ್ದರೆ, ಬರೆಸಿದವರಿಗೆ ಸೇರುತ್ತದೆ. ಸರ್ ವಿಲಿಯಂ ಸ್ಥಾನದಲ್ಲಿರುವವರಿಗೆ ಇದು ಅನುಕೂಲ. 57ನೇ ಸೆಕ್ಷನ್ ಕಲಾವಿದನ ಹೆಸರನ್ನೂ ಕೃತಿಯ ಮಾನವನ್ನೂ ಕಾಯುತ್ತದೆ. ಶಿಲ್ಪಿ ಅಮರನಾಥ ಸೆಹಗಲ್ ದೆಹಲಿಯ ವಿಜ್ಞಾನ ಭವನಕ್ಕೆ ಮಾಡಿದ ಬೃಹತ್ ಕಂಚಿನ ಉಬ್ಬುಶಿಲ್ಪವನ್ನು 1979ರಲ್ಲಿ ಕಿತ್ತು ಗೋದಾಮಿಗೆ ಎಸೆದಾಗ, ದೆಹಲಿ ಹೈಕೋರ್ಟ್ 2005ರಲ್ಲಿ ಇದೇ ಸೆಕ್ಷನ್ ಹಿಡಿದು, ಅಳಿದುಳಿದ ಶಿಲ್ಪವನ್ನು ಅವರಿಗೆ ಮರಳಿಸಿ 5 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. ಇನ್ನು ಬಲವಂತದಿಂದ ಚಿತ್ರ ಬರೆಸುವ ಮಾತು: ವ್ಯಕ್ತಿಯ ಸ್ವಂತ ಪ್ರತಿಭೆಯನ್ನೇ ನಂಬಿದ ಕರಾರನ್ನು ನ್ಯಾಯಾಲಯ ಜಾರಿ ಮಾಡಿಸಲಾಗದು ಎಂದು ನಮ್ಮ 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯೂ ಹೇಳುತ್ತದೆ. ಕಲಾವಿದನೂ ಆಶ್ರಯದಾತನೂ ಕಟಕಟೆಯಲ್ಲಿ ಎದುರಾದದ್ದು ನಮ್ಮಲ್ಲೂ ಉಂಟು, ಚಿತ್ರಕಾರ ಕೆ. ವೆಂಕಟಪ್ಪನವರು ಮೈಸೂರು ಅರಮನೆಯ ಕೆಲಸದ ಬಾಬ್ತಿನಲ್ಲಿ ಕೋರ್ಟಿಗೆ ಹೋದವರು.

ಆದರೆ ಕುಳಿತವರಿಗೆ? ಅವರ ಪರವಾಗಿ ಗಟ್ಟಿ ಮಾತು ಬಂದದ್ದು ತೀರಾ ಈಚೆಗೆ, ಅದೂ ಒಬ್ಬ ಕನ್ನಡಿಗರ ಹೆಸರಿನ ಮೊಕದ್ದಮೆಯಲ್ಲಿ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಹೂಡಿದ ದಾವೆಯಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕು ಎಂದು ಸಾರಿತು. ತನ್ನ ರೂಪ ಲೋಕದ ಮುಂದೆ ಹೇಗೆ ಕಾಣಿಸಿಕೊಳ್ಳಬೇಕು ಎಂಬುದರ ಮೇಲೆ ಪ್ರತಿಯೊಬ್ಬರಿಗೂ ಹಿಡಿತವಿರಬೇಕು ಎಂಬ ಆಶಯವನ್ನು ಆ ಪೀಠದ ನ್ಯಾಯಮೂರ್ತಿ ಸಂಜಯ್ ಕಿಶನ್ ಕೌಲ್ ತಮ್ಮ ಪ್ರತ್ಯೇಕ ತೀರ್ಪಿನಲ್ಲಿ ಬರೆದರು. ಪ್ಯಾರಿಸ್ಸಿನಲ್ಲಿ ಯಾರೂ ಕೇಳದಿದ್ದ ಮೂರನೆಯ ಹಕ್ಕು ಇದೇ ಎಂದು ನಾನು ತಿಳಿದಿದ್ದೇನೆ. ಭಾವಚಿತ್ರ ಬರೆಯುವವರು, ತೆಗೆಯುವವರು ಆ ತೀರ್ಪನ್ನು ತಮ್ಮ ಕಸುಬಿಗೆ ಸಂಬಂಧಿಸಿದ್ದೆಂದು ಓದಬೇಕು.

ಸಿಬಿಲ್ ಕಥೆ ಅಲ್ಲಿಗೆ ಮುಗಿಯಲಿಲ್ಲ. ಬಿಷಪ್ ಆಕ್‌ಲೆಂಡ್ ಊರಿನಲ್ಲಿ ಆಕೆಯ ಹೆಸರಿನ ಆಸ್ಪತ್ರೆ ಬಹುಕಾಲ ನಡೆಯಿತು. ಇಬ್ಬರು ಗಂಡುಮಕ್ಕಳನ್ನು ಮೊದಲ ಮಹಾಯುದ್ಧದಲ್ಲಿ ಕಳೆದುಕೊಂಡಳು. ಹಿರಿಯವನು 1914ರಲ್ಲಿ, ಕಿರಿಯವನು ಇನ್ನೂ ಹುಡುಗನಾಗಿದ್ದಾಗಲೇ 1916ರ ಜಟ್ಲೆಂಡ್ ನೌಕಾಕದನದಲ್ಲಿ. 1945ರಲ್ಲಿ ತೀರಿಕೊಂಡಳು. ವಿಸ್ಲರ್ 1903ರಲ್ಲಿ ಸತ್ತ. ಅದಾಗಿ ಮೂರು ವರ್ಷಕ್ಕೆ, 1906ರಲ್ಲಿ, ಜಾನ್ ಸಿಂಗರ್ ಸಾರ್ಜೆಂಟ್ ಮುಂದೆ ಆಕೆ ಮತ್ತೆ ಕುಳಿತಳು. ಆಗ ವಯಸ್ಸು ನಲವತ್ತರ ಹತ್ತಿರ. ಇಸ್ಪೀಟಿನ ಎಲೆಗಳನ್ನು ಮೇಜಿನ ಮೇಲೆ ಹರಡಿಕೊಂಡು ಕುಳಿತಿರುವ ಆ ಚಿತ್ರದಲ್ಲಿ ಆಕೆ ಬಣ್ಣದ ಮೇಳದೊಳಗೆ ಕರಗಿಹೋಗುವುದಿಲ್ಲ. ಅಲ್ಲಿರುವುದು ಅವಳೇ. ವಿಸ್ಲರ್ ಸಾರ್ಜೆಂಟನಿಗಿಂತ ಆಳದ ಕಲಾವಿದ ಎಂದು ನಂಬಿರುವವನು ನಾನು. ಆದರೂ ಈ ಒಬ್ಬ ಹೆಣ್ಣಿನ ವಿಷಯದಲ್ಲಿ ಸಾರ್ಜೆಂಟನದೇ ಮೇಲುಗೈ. ಆ ಚಿತ್ರ 1920ರಲ್ಲಿ ಫಿಲಡೆಲ್ಫಿಯಾ ಸಂಗ್ರಹಾಲಯ ಸೇರಿತು. ಲೇಡಿ ಕ್ಯಾಂಪ್‌ಬೆಲ್ ಮನೆಯವರು ಬೇಡವೆಂದ ಹಳದಿ ಬೂಟಿನ ಚಿತ್ರವೂ ಅಲ್ಲೇ ಇದೆ.

ವಿದ್ಯಾರ್ಥಿ ಮಿತ್ರರೇ, ನಾಳೆ ನಿಮ್ಮಲ್ಲಿ ಕೆಲವರು ಭಾವಚಿತ್ರ ಬರೆದು ಬದುಕುವವರಿದ್ದೀರಿ. ಬೆಲೆಯನ್ನು ಒಂದೇ ಅಂಕಿಯಲ್ಲಿ, ಕಾಗದದ ಮೇಲೆ, ಕುಂಚ ಹಿಡಿಯುವ ಮೊದಲೇ ನಮೂದಿಸಿ. ಮನಸ್ಸಿಗೆ ಒಪ್ಪದ ಚಿತ್ರವನ್ನು ಕೊಡದಿರುವ ಹಕ್ಕನ್ನು ಉಳಿಸಿಕೊಳ್ಳಿ, ಹಾಗೆ ಉಳಿಸಿಕೊಂಡಾಗ ಮುಂಗಡವನ್ನು ಹಿಂತಿರುಗಿಸಿ. ಬರೆಸುವವರು ಬೇರೆ, ಕುಳಿತುಕೊಳ್ಳುವವರು ಬೇರೆ ಆಗಿದ್ದರೆ, ಹೆಂಡತಿಯನ್ನೋ ಮಗಳನ್ನೋ ಮುದಿ ತಾಯಿಯನ್ನೋ ಯಾರಾದರೂ ನಿಮ್ಮ ಮುಂದೆ ತಂದು ಕೂರಿಸಿದರೆ, ಕರಾರುಪತ್ರದಲ್ಲಿ ಅವರ ರುಜುವಿಗೂ ಒಂದು ಗೆರೆ ಬಿಡಿ. ಚಿತ್ರವನ್ನು ಪ್ರದರ್ಶನಕ್ಕೆ ಇಡಬಹುದೇ, ಅಚ್ಚು ಹಾಕಿಸಬಹುದೇ, ಬದಲಿಸಬಹುದೇ, ಅಳಿಸಬಹುದೇ ಎಂದು ಅವರನ್ನೇ ಕೇಳಿ.